ನಾಯಿಯ ಕಿವಿ ಹಿಡಿದ ಒಳ್ಳೆಯ ಅರಸ

ಮೊದಲು ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ, ಆಮೇಲೆ ಅರಸನ ಕಥೆಗೆ ಹೋಗೋಣ.

ನಮ್ಮ ಚರ್ಚಿನ ಸಭೆಯಲ್ಲಿ ಅಣ್ಣ ತಮ್ಮ ಇಬ್ಬರಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಅಂಗಳ ಪಾಲಾಯಿತು, ಬಾವಿ ಮಾತ್ರ ಪಾಲಾಗಲಿಲ್ಲ. ಬಾವಿಯ ಪಂಪಿನ ಸ್ವಿಚ್ಚು ಅಣ್ಣನ ಅಡುಗೆಮನೆಯ ಗೋಡೆಯಲ್ಲಿತ್ತು. ಜಗಳಕ್ಕೆ ಇನ್ನೇನು ಬೇಕು? ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಇಬ್ಬರ ಮನೆಗೂ ಹೋದೆ. ಯಾರೂ ಕರೆದಿರಲಿಲ್ಲ. ಅಣ್ಣನ ಮನೆಯಲ್ಲಿ ಕಾಫಿ ಕುಡಿದು ಅವನ ಮಾತು ಕೇಳಿದೆ, ತಮ್ಮನ ಮನೆಯಲ್ಲಿ ಇನ್ನೊಂದು ಕಾಫಿ ಕುಡಿದು ಅದೇ ಮಾತಿಗೆ ಸ್ವಲ್ಪ ಸಕ್ಕರೆ ಬೆರೆಸಿ ಹೇಳಿದೆ. ಸಕ್ಕರೆ ಹತ್ತಲಿಲ್ಲ. "ಓಹೋ, ಹಾಗಂದನಾ ಅವನು" ಅಂತ ತಮ್ಮ ಲೋಟ ಕೆಳಗಿಟ್ಟು ಎದ್ದೇಬಿಟ್ಟ. ಎರಡು ತಿಂಗಳಾದ ಮೇಲೆ ಅವರಿಬ್ಬರೂ ತಾವೇ ಕೂತು ಮಾತಾಡಿ, ಎಲೆಕ್ಟ್ರಿಷಿಯನ್ ಕರೆಸಿ, ತಮ್ಮನ ಕಡೆಗೂ ಒಂದು ಸ್ವಿಚ್ಚು ಹಾಕಿಸಿಕೊಂಡರು. ಈಗ ಚೆನ್ನಾಗಿದ್ದಾರೆ. ನನ್ನ ಜೊತೆ ಮಾತ್ರ ಇಬ್ಬರೂ ಸರಿಯಾಗಿ ಮಾತಾಡುವುದಿಲ್ಲ.

ಬೈಬಲಿನ ಜ್ಞಾನೋಕ್ತಿ 26:17 ನನಗೆ ಗೊತ್ತಿಲ್ಲದ್ದೇನೂ ಅಲ್ಲ. ತನಗೆ ಸಂಬಂಧವಿಲ್ಲದ ಜಗಳಕ್ಕೆ ಹೋಗಿ ಸಿಟ್ಟಾಗುವವನು ದಾರಿಯಲ್ಲಿ ಹೋಗುವ ನಾಯಿಯ ಕಿವಿ ಹಿಡಿದವನಂತೆ, ಅನ್ನುವುದು ಅದರ ಸಾರ. ಭಾನುವಾರದ ಶಾಲೆಯಲ್ಲಿ ಮಕ್ಕಳು ನಗುವ ವಚನ ಅದು. ಆದರೆ ಈ ಒಂದು ಸಾಲಿಗೆ ಬೈಬಲಿನಲ್ಲಿ ಉದ್ದನೆಯ ಒಂದು ಪ್ರಕರಣವೇ ಇದೆ, ಅದರಲ್ಲಿ ಸಾಯುವವನು ಕೆಟ್ಟವನಲ್ಲ, ಪುಸ್ತಕ ಬಾಯ್ತುಂಬ ಹೊಗಳುವ ಅರಸ. ಬಾವಿಯ ಗಲಾಟೆ ಆದ ಮೇಲೆ ಅದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ಎಂಬ ಸಣ್ಣ ರಾಜ್ಯದ ಅರಸ ಯೋಷೀಯ ಮೆಗಿದ್ದೋ ಎಂಬ ಊರಲ್ಲಿ ಸತ್ತ ಪ್ರಕರಣ. ಎರಡನೇ ಅರಸುಗಳು 23ರಲ್ಲಿ ಒಂದೆರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಎರಡನೇ ಪೂರ್ವಕಾಲವೃತ್ತಾಂತ 35ರಲ್ಲಿ ವಿವರವಾಗಿ ಬರುತ್ತದೆ.

ವರ್ಷ ಕ್ರಿ.ಪೂ. 609. ಆಗಿನ ಜಗಳ ಯಾರ ಯಾರ ನಡುವೆ ಅನ್ನುವುದನ್ನು ಮೊದಲು ನೋಡಬೇಕು. ನೂರಾರು ವರ್ಷ ಎಲ್ಲರನ್ನೂ ತುಳಿದ ಅಶ್ಶೂರ್ಯ ಸಾಮ್ರಾಜ್ಯ ಕೊನೆಯುಸಿರು ಎಳೆಯುತ್ತಿತ್ತು. ಅದರ ರಾಜಧಾನಿ ನಿನೆವೆ 612ರಲ್ಲೇ ಬಿದ್ದಿತ್ತು. ಉಳಿದವರು ಹಾರಾನಿಗೆ ಓಡಿ ಅಲ್ಲೊಬ್ಬ ಅರಸನನ್ನು ಕೂರಿಸಿಕೊಂಡರು, 610ರಲ್ಲಿ ಹಾರಾನೂ ಕೈತಪ್ಪಿತು. ಹೊಡೆಯುತ್ತಿದ್ದವರು ಬಾಬೆಲಿನವರು, ಅಂದರೆ ಬ್ಯಾಬಿಲೋನಿನವರು. ಬಾಬೆಲ್ ಇಷ್ಟು ಬಲಿತರೆ ನಾಳೆ ತನ್ನ ಬಾಗಿಲಿಗೇ ಬರುತ್ತದೆ ಅಂತ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಭಯ. ಹಾಗಾಗಿ ಐಗುಪ್ತದ ಅರಸ ನೆಕೋ ಸೈನ್ಯ ಕಟ್ಟಿಕೊಂಡು ಯೂಫ್ರೇಟೀಸ್ ನದಿಯ ದಂಡೆಯ ಕರ್ಕೆಮೀಷಿನ ಕಡೆಗೆ ಹೊರಟ.

ಇಲ್ಲೊಂದು ಸ್ವಾರಸ್ಯವಿದೆ. ಅರಸುಗಳ ಪುಸ್ತಕದ ಹೀಬ್ರೂ ವಾಕ್ಯವನ್ನು ನೆಕೋ ಅಶ್ಶೂರದ ಅರಸನ ಮೇಲೆ ಹೊರಟ ಎಂದೂ ಓದಬಹುದು, ಅವನ ಕಡೆಗೆ ಹೊರಟ ಎಂದೂ ಓದಬಹುದು. ಹಳೆಯ ಅನುವಾದಕರು ಮೇಲೆ ಎಂದೇ ಹಿಡಿದರು. 1923ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಸಿ. ಜೆ. ಗ್ಯಾಡ್ ಒಂದು ಜೇಡಿಮಣ್ಣಿನ ಫಲಕವನ್ನು ಓದಿ ಪ್ರಕಟಿಸಿದರು. ಬಾಬೆಲಿನವರೇ ವರ್ಷವರ್ಷವೂ ಬರೆದಿಟ್ಟ ಯುದ್ಧದ ಲೆಕ್ಕ ಅದು. ಅದರಲ್ಲಿ ಐಗುಪ್ತದವರು ಅಶ್ಶೂರದವರ ಪರವಾಗಿ ಬಂದದ್ದು ಸ್ಪಷ್ಟವಾಗಿದೆ. ಅಂದರೆ ಒಂದು ಕಡೆ ಐಗುಪ್ತ ಮತ್ತು ಅಶ್ಶೂರದ ಅಳಿದುಳಿದವರು, ಇನ್ನೊಂದು ಕಡೆ ಬಾಬೆಲ್. ಯೆಹೂದದ ಹೆಸರು ಎಲ್ಲೂ ಇಲ್ಲ.

ಕೋಣ ಕೋಣ ಗುದ್ದಾಡಿದರೆ ಗಿಡಕ್ಕೆ ಸಾವು ಅಂತ ನಮ್ಮಲ್ಲಿ ಗಾದೆಯಿದೆಯಲ್ಲ. ಯೆಹೂದದಂಥ ಸಣ್ಣ ರಾಜ್ಯದ ಪಾಡು ಯಾವಾಗಲೂ ಆ ಗಿಡದ್ದೇ. ಆದರೆ ಗಿಡ ನಿಂತಲ್ಲೇ ನಿಂತಿರುತ್ತದೆ, ಕೋಣಗಳು ಮೈಮೇಲೆ ಬರುತ್ತವೆ. ಈ ಸಲ ಗಿಡವೇ ಎದ್ದು ನಡೆದು ಕೋಣಕ್ಕೆ ಅಡ್ಡ ನಿಂತಿತು.

ನೆಕೋ ಯೆರೂಸಲೇಮಿನ ಹತ್ತಿರ ಸುಳಿಯಲೇ ಇಲ್ಲ. ಸಮುದ್ರದ ಬದಿಯ ಬಯಲುದಾರಿಯಲ್ಲಿ ಬಂದು, ಕರ್ಮೆಲಿನ ಬೆಟ್ಟಸಾಲನ್ನು ಒಂದು ಕಣಿವೆಯಲ್ಲಿ ದಾಟುತ್ತಿದ್ದ. ಆ ಕಣಿವೆ ಬಯಲಿಗೆ ತೆರೆದುಕೊಳ್ಳುವ ಬಾಯಲ್ಲಿ ಮೆಗಿದ್ದೋ ಕೂತಿದೆ. ನಮ್ಮ ಘಾಟಿಯ ಚೆಕ್‌ಪೋಸ್ಟ್ ಅಂದುಕೊಳ್ಳಿ, ಅಲ್ಲಿ ನಿಂತರೆ ಯಾವ ಸೈನ್ಯವನ್ನೂ ತಡೆಯಬಹುದು. ಇದಕ್ಕೂ ಎಂಟುನೂರು ವರ್ಷಕ್ಕೂ ಮೊದಲು ಮೂರನೇ ಥುತ್ಮೋಸ್ ಎಂಬ ಇನ್ನೊಬ್ಬ ಐಗುಪ್ತದ ಅರಸ ಇದೇ ಕಣಿವೆಯಲ್ಲಿ ನುಗ್ಗಿ ಬಂದು ಇಲ್ಲೇ ಯುದ್ಧ ಗೆದ್ದಿದ್ದ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಲೋಕಾಂತ್ಯದ ಯುದ್ಧದ ಜಾಗ ಹರ್ಮಗೆದೋನ್ ಕೂಡ ಇದೇ ಊರಿನ ಹೆಸರು. ಯೆರೂಸಲೇಮಿನಿಂದ ಉತ್ತರಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್. ಯೋಷೀಯ ಅಷ್ಟು ದೂರ ರಥ ಹೂಡಿಕೊಂಡು ಹೋದ.

ಅವನು ಬರುವುದು ಗೊತ್ತಾಗಿ ನೆಕೋ ದೂತರನ್ನು ಕಳಿಸಿದ. ಆ ಮಾತಿನ ಸಾರ ಇಷ್ಟು: ಯೆಹೂದದ ಅರಸನೇ, ನಿನಗೂ ನನಗೂ ಏನು? ಇವತ್ತು ನಾನು ಬಂದದ್ದು ನಿನ್ನ ಮೇಲಲ್ಲ, ನನಗೆ ಯಾರ ಜೊತೆ ಯುದ್ಧವಿದೆಯೋ ಅವರ ಮೇಲೆ. ಬೇಗ ಹೋಗು ಅಂತ ದೇವರು ನನಗೆ ಹೇಳಿದ್ದಾನೆ. ನನ್ನ ಜೊತೆಗಿರುವ ದೇವರಿಗೆ ಅಡ್ಡ ಬರಬೇಡ, ಅವನು ನಿನ್ನನ್ನು ಹಾಳುಮಾಡಿಯಾನು.

ಇದಕ್ಕಿಂತ ಮರ್ಯಾದೆಯಾಗಿ ಒಬ್ಬ ಚಕ್ರವರ್ತಿ ಹೇಳಲು ಸಾಧ್ಯವಾ? ಬೈಗುಳವಿಲ್ಲ, ಕಪ್ಪ ಕೊಡು ಅನ್ನುವ ಬೇಡಿಕೆಯಿಲ್ಲ. ದಾರಿ ಬಿಡು ಮಾರಾಯ, ನಿನ್ನ ತಂಟೆಗೆ ಬಂದಿಲ್ಲ, ಅಷ್ಟೇ.

ಯೋಷೀಯ ತಿರುಗಲಿಲ್ಲ. ವೇಷ ಮರೆಸಿಕೊಂಡು ಯುದ್ಧಕ್ಕಿಳಿದ. ಬಿಲ್ಲುಗಾರರ ಬಾಣ ತಗುಲಿತು. "ನನ್ನನ್ನು ಇಲ್ಲಿಂದ ಕರಕೊಂಡು ಹೋಗಿ, ಬಹಳ ಗಾಯವಾಗಿದೆ" ಎಂದು ಸೇವಕರಿಗೆ ಹೇಳಿದ. ಅವರು ಅವನನ್ನು ಯುದ್ಧದ ರಥದಿಂದ ಇಳಿಸಿ, ಜೊತೆಗಿದ್ದ ಎರಡನೇ ರಥಕ್ಕೆ ಹತ್ತಿಸಿ, ಯೆರೂಸಲೇಮಿಗೆ ತಂದರು. ಆ ಎರಡನೇ ರಥದ ಮಾತು ಓದುವಾಗೆಲ್ಲ ನನಗೆ ಒಂಥರಾ ಆಗುತ್ತದೆ. ಬೆಟ್ಟದ ದಾರಿಯಲ್ಲಿ ತೊಂಬತ್ತು ಕಿಲೋಮೀಟರ್, ರಥದ ಚಕ್ರ ಕಲ್ಲಿಗೆ ಹೊಡೆದಾಗೆಲ್ಲ ಗಾಯಕ್ಕೂ ಏಟು. ಅರಸುಗಳ ಪುಸ್ತಕ ಮೆಗಿದ್ದೋದಿಂದಲೇ ಹೆಣ ತಂದರು ಅನ್ನುತ್ತದೆ, ಇಲ್ಲಿ ಎರಡು ಪುಸ್ತಕಗಳು ಪೂರ್ತಿ ಕೂಡುವುದಿಲ್ಲ. ಎಂಟನೇ ವಯಸ್ಸಿಗೆ ಪಟ್ಟಕ್ಕೆ ಬಂದು ಮೂವತ್ತೊಂದು ವರ್ಷ ಆಳಿದವನು, ಅಂದರೆ ಸಾಯುವಾಗ ಹೆಚ್ಚೆಂದರೆ ಮೂವತ್ತೊಂಬತ್ತು.

ಯೋಷೀಯ ಬೇಜವಾಬ್ದಾರಿ ಮನುಷ್ಯನಾಗಿದ್ದರೆ ಈ ಪ್ರಕರಣದಲ್ಲಿ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಇವನಂಥ ಅರಸ ಹಿಂದೆಯೂ ಇರಲಿಲ್ಲ ಮುಂದೆಯೂ ಬರಲಿಲ್ಲ ಎಂದು ಅರಸುಗಳ ಪುಸ್ತಕ ಹೇಳುತ್ತದೆ. ಆಳ್ವಿಕೆಯ ಹದಿನೆಂಟನೇ ವರ್ಷದಲ್ಲಿ ದೇವಾಲಯ ರಿಪೇರಿ ಮಾಡಿಸುವಾಗ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಅದನ್ನು ಓದಿಸಿ ಕೇಳಿದವನೇ ಬಟ್ಟೆ ಹರಿದುಕೊಂಡ. ತಾನೇ ಏನೋ ಅರ್ಥ ಮಾಡಿಕೊಂಡು ಹೊರಡಲಿಲ್ಲ, ಯಾಜಕನಿಂದ ಹಿಡಿದು ತನ್ನ ಲೇಖಕನವರೆಗೆ ಐದು ಜನರನ್ನು ಹುಲ್ದಾ ಎಂಬ ಪ್ರವಾದಿನಿಯ ಮನೆಗೆ ಕಳಿಸಿ, ದೇವರು ಏನನ್ನುತ್ತಾನೆ ಕೇಳಿಕೊಂಡು ಬನ್ನಿ ಅಂದ. ಆಮೇಲೆ ಮಾಡಿದ ಪಸ್ಕಹಬ್ಬಕ್ಕೆ ತನ್ನ ಸ್ವಂತ ಆಸ್ತಿಯಿಂದ ಮೂವತ್ತು ಸಾವಿರ ಕುರಿಮರಿ ಆಡುಮರಿ, ಮೂರು ಸಾವಿರ ಹೋರಿ ಕೊಟ್ಟ. ಸಮುವೇಲನ ಕಾಲದಿಂದ ಅಂಥ ಹಬ್ಬ ಆಗಿರಲಿಲ್ಲವಂತೆ.

ಇದಾಗಿ ಹದಿಮೂರು ವರ್ಷಕ್ಕೆ ಮೆಗಿದ್ದೋ. ಈ ಸಲ ಅವನು ಯಾರನ್ನು ಕೇಳಿದ? ಪುಸ್ತಕ ಯಾರ ಹೆಸರನ್ನೂ ಹೇಳುವುದಿಲ್ಲ. ಯೆರೆಮೀಯ ಆಗ ಪ್ರವಾದಿಯಾಗಿ ಹದಿನೆಂಟು ವರ್ಷ ಕಳೆದಿತ್ತು, ಯೋಷೀಯನ ಹದಿಮೂರನೇ ವರ್ಷದಿಂದಲೂ ಮಾತಾಡುತ್ತಿದ್ದವನು. ಅವನ ಹತ್ತಿರ ಆಳು ಹೋದ ಸುದ್ದಿಯಿಲ್ಲ. ಗ್ರಂಥ ಸಿಕ್ಕಿದಾಗ ಐದು ಜನರನ್ನು ಕಳಿಸಿದವನು, ಸೈನ್ಯ ಹೊರಡಿಸುವಾಗ ಒಬ್ಬನನ್ನೂ ಕಳಿಸಲಿಲ್ಲ. ನನಗೆ ಈ ಪ್ರಕರಣದ ಕೀಲಿ ಇಲ್ಲೇ ಇದೆ ಅನ್ನಿಸುತ್ತದೆ. ತಪ್ಪು ಮಾಡಿ ಅಭ್ಯಾಸವಿರುವವನು ಹೆಜ್ಜೆ ಇಡುವ ಮುಂಚೆ ಅಳುಕುತ್ತಾನೆ. ಮೂವತ್ತು ವರ್ಷ ಸರಿಯಾಗಿ ನಡೆದವನಿಗೆ ತನ್ನ ಕಾಲಿನ ಮೇಲೆ ಅನುಮಾನ ಬರುವುದಿಲ್ಲ. ನಾನು ಆ ಭಾನುವಾರ ಎರಡು ಕಾಫಿ ಕುಡಿಯುವಾಗ ಒಳಗೊಳಗೇ ಇದ್ದದ್ದೂ ಅದೇ, ಸಭೆಯಲ್ಲಿ ನನಗೊಂದು ಹೆಸರಿದೆ, ನನ್ನ ಮಾತು ಕೇಳುತ್ತಾರೆ ಅನ್ನುವ ಧೈರ್ಯ.

ಇನ್ನೊಂದು ವಿಷಯ ಓದುಗರನ್ನು ಚುಚ್ಚುತ್ತದೆ. ನೆಕೋ ಹೇಳಿದ ಮಾತು ದೇವರ ಬಾಯಿಂದಲೇ ಬಂದದ್ದು ಎಂದು ಪೂರ್ವಕಾಲವೃತ್ತಾಂತ ಬರೆದವನು ಸ್ಪಷ್ಟವಾಗಿ ಹೇಳುತ್ತಾನೆ. ಐಗುಪ್ತದ ಫರೋಹ! ಇಸ್ರಾಯೇಲರಿಂದ ಇಟ್ಟಿಗೆ ಮಾಡಿಸಿದ ವಂಶದ ಸಿಂಹಾಸನದಲ್ಲಿ ಕೂತವನು ದೇವರ ಮಾತು ತಂದ ಅಂದರೆ ಯಾರು ನಂಬುತ್ತಾರೆ? ಹಿಂದಿನವರಿಗೂ ಇದು ನುಂಗಲಾರದ ತುತ್ತಾಗಿತ್ತು. ಒಂದನೇ ಎಸ್ದ್ರ ಎಂಬ ಹಳೆಯ ಗ್ರೀಕ್ ಪುಸ್ತಕ ಇದೇ ಕಥೆಯನ್ನು ಮತ್ತೆ ಹೇಳುವಾಗ ನೆಕೋನ ಹೆಸರನ್ನು ತೆಗೆದು, ಯೋಷೀಯ ಯೆರೆಮೀಯನ ಮಾತಿಗೆ ಕಿವಿಗೊಡಲಿಲ್ಲ ಎಂದು ಬದಲಾಯಿಸಿಬಿಟ್ಟಿತು. ಪ್ರವಾದಿ ಹೇಳಿದ ಎಂದರೆ ಎಲ್ಲರಿಗೂ ನೆಮ್ಮದಿ. ಆದರೆ ನಮ್ಮ ಬೈಬಲಿನಲ್ಲಿ ಇರುವುದು ಬೇರೆ ಜನ, ಬೇರೆ ದೇವರು, ಒಂದು ಲೆಕ್ಕಕ್ಕೆ ಶತ್ರುವೇ ಆದವನ ಬಾಯಿ. "ನಿನಗ್ಯಾಕಪ್ಪ ಇದು" ಅನ್ನುವ ಮಾತನ್ನು ನಾವು ಇಷ್ಟಪಡುವವರ ಬಾಯಿಂದ ಕೇಳುವುದು ಕಡಿಮೆ. ಅವರು ದಾಕ್ಷಿಣ್ಯಕ್ಕೆ ಸುಮ್ಮನಿರುತ್ತಾರೆ. ಹೇಳುವವನು ನಮಗೆ ಆಗದವನೇ ಆಗಿರುತ್ತಾನೆ, ಅದಕ್ಕೇ ನಾವು ಕೇಳುವುದಿಲ್ಲ.

ವೇಷ ಮರೆಸಿದ್ದನ್ನೂ ನೋಡಿ. ಬೈಬಲ್ ಓದುವವರಿಗೆ ಇಲ್ಲಿ ತಟ್ಟನೆ ಇಸ್ರಾಯೇಲಿನ ಅರಸ ಅಹಾಬ ನೆನಪಾಗಬೇಕು. ರಾಮೋತ್ ಗಿಲ್ಯಾದಿನ ಯುದ್ಧದಲ್ಲಿ ಅಹಾಬನೂ ವೇಷ ಮರೆಸಿಕೊಂಡಿದ್ದ, ಅವನಿಗೂ ಬಾಣ ತಗುಲಿತು, ಅವನೂ "ನನ್ನನ್ನು ಆಚೆ ಕರಕೊಂಡು ಹೋಗು, ಗಾಯವಾಗಿದೆ" ಅಂದ. ಹೆಚ್ಚುಕಡಿಮೆ ಅದೇ ಮಾತುಗಳು. ಅತಿ ಕೆಟ್ಟ ಅರಸನ ಸಾವನ್ನು ಅತಿ ಒಳ್ಳೆಯ ಅರಸನಿಗೆ ತೊಡಿಸಿದ್ದಾನೆ ಬರೆದವನು. ಅದೇ ಗಿಲ್ಯಾದಿನ ಯುದ್ಧಕ್ಕೆ ನೆಂಟಸ್ತಿಕೆಯ ಮುಲಾಜಿಗೆ ಹೋದ ಯೆಹೋಷಾಫಾಟ ಎಂಬ ಇನ್ನೊಬ್ಬ ಒಳ್ಳೆಯವನು ಕೂಗಿಕೊಂಡು ಹೇಗೋ ಬದುಕಿ ಬಂದ, ಊರಿಗೆ ಬಂದ ಮೇಲೆ ಪ್ರವಾದಿಯೊಬ್ಬನಿಂದ ಬೈಸಿಕೊಂಡ. ಇಷ್ಟಕ್ಕೂ ತನ್ನದೇ ಜಗಳವಾಗಿದ್ದರೆ ಯೋಷೀಯನಿಗೆ ವೇಷ ಯಾಕೆ ಬೇಕಿತ್ತು?

ಈಗ ಎದುರು ಪಕ್ಷದ ವಾದ. ಯೋಷೀಯನ ಪರವಾಗಿ ಮಾತಾಡುವವರು ಕಡಿಮೆಯಿಲ್ಲ, ಅವರು ಹೇಳುವುದರಲ್ಲಿ ತಿರುಳೂ ಇದೆ. ಅಶ್ಶೂರದ ನೊಗವನ್ನು ಯೆಹೂದ ನೂರು ವರ್ಷ ಹೊತ್ತಿತ್ತು. ಆ ರಾಕ್ಷಸ ಸಾಯುತ್ತಿರುವಾಗ ಅವನಿಗೆ ನೀರು ಕೊಡಲು ಹೋಗುವವನನ್ನು ತಡೆಯಬೇಕು ಅನ್ನಿಸುವುದು ಸಹಜ. ಮೆಗಿದ್ದೋ ಒಂದು ಕಾಲಕ್ಕೆ ಇಸ್ರಾಯೇಲಿನದ್ದೇ ಊರು, ಆಮೇಲೆ ಅಶ್ಶೂರದವರು ಅದನ್ನು ತಮ್ಮ ಪ್ರಾಂತ್ಯದ ಕೇಂದ್ರ ಮಾಡಿಕೊಂಡಿದ್ದರು. ಯೋಷೀಯನ ಸುಧಾರಣೆ ನಫ್ತಾಲಿಯವರೆಗೂ, ಅಂದರೆ ಮೆಗಿದ್ದೋಗಿಂತ ಉತ್ತರಕ್ಕೂ ಹೋಗಿತ್ತು. ಐಗುಪ್ತ ಗೆದ್ದು ವಾಪಸ್ ಬರುವಾಗ ಈ ನೆಲವನ್ನೆಲ್ಲ ಹಾಗೇ ಬಿಡುತ್ತಿತ್ತಾ? ಅನುಮಾನವೇ. ಅರಸುಗಳ ಪುಸ್ತಕದಲ್ಲಿ ಯುದ್ಧದ ಮಾತೇ ಇಲ್ಲದಿರುವುದರಿಂದ, ನೆಕೋ ಅವನನ್ನು ಮಾತಿಗೆ ಕರೆಸಿ ಕೊಲ್ಲಿಸಿರಬೇಕು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ.

ಇದನ್ನೆಲ್ಲ ಒಪ್ಪಿದರೂ, ಪೂರ್ವಕಾಲವೃತ್ತಾಂತ ನಮ್ಮ ಮುಂದಿಡುವ ಪ್ರಕರಣ ಬದಲಾಗುವುದಿಲ್ಲ. ಅಲ್ಲಿ ಪ್ರಶ್ನೆ ಯೋಷೀಯನ ಲೆಕ್ಕಾಚಾರ ಸರಿಯಾ ಅಂತಲ್ಲ. ಜಗಳ ಅವನದ್ದಾ ಅಂತ. ನಾನು ಬಾವಿಯ ವಿಷಯದಲ್ಲಿ ಹೇಳಿದ ಪರಿಹಾರವೂ ಸರಿಯಾಗೇ ಇತ್ತು, ಎರಡು ಸ್ವಿಚ್ಚು ಹಾಕಿಸಿ ಅಂತಲೇ ನಾನು ಹೇಳಿದ್ದು! ಕೊನೆಗೆ ಅವರು ಮಾಡಿದ್ದೂ ಅದನ್ನೇ. ನಾನು ಹೇಳಿದ್ದರಿಂದ ಎರಡು ತಿಂಗಳು ತಡವಾಯಿತೋ ಏನೋ.

ಸತ್ತ ಮೇಲೆ ಏನಾಯಿತು ಅನ್ನುವುದನ್ನು ಜನ ಓದದೆ ಬಿಟ್ಟುಬಿಡುತ್ತಾರೆ, ನಿಜವಾದ ಲೆಕ್ಕ ಇರುವುದು ಅಲ್ಲಿ. ಜನ ಅವನ ಮಗ ಯೆಹೋವಾಹಾಜನನ್ನು ಪಟ್ಟಕ್ಕೆ ಕೂರಿಸಿದರು, ವಯಸ್ಸು ಇಪ್ಪತ್ತಮೂರು. ಮೂರೇ ತಿಂಗಳು. ನೆಕೋ ಅವನನ್ನು ರಿಬ್ಲಾದಲ್ಲಿ ಕೈದು ಮಾಡಿ ಐಗುಪ್ತಕ್ಕೆ ಒಯ್ದ, ಅವನು ಅಲ್ಲೇ ಸತ್ತ. ಸತ್ತವನಿಗಾಗಿ ಅಳಬೇಡಿ, ಊರು ಬಿಟ್ಟು ಹೋದವನಿಗಾಗಿ ಅಳಿರಿ, ಅವನು ತಿರುಗಿ ಬರುವುದಿಲ್ಲ ಎಂದು ಯೆರೆಮೀಯ ಹೇಳಿದ್ದು ಈ ಹುಡುಗನ ಬಗ್ಗೆ. ನೆಕೋ ಇನ್ನೊಬ್ಬ ಮಗನಿಗೆ ಹೆಸರು ಬದಲಿಸಿ ಯೆಹೋಯಾಕೀಮ ಅಂತ ಕರೆದು ಕೂರಿಸಿದ. ದೇಶಕ್ಕೆ ದಂಡ ಹಾಕಿದ, ನೂರು ತಲಾಂತು ಬೆಳ್ಳಿ, ಒಂದು ತಲಾಂತು ಬಂಗಾರ. ಒಂದು ತಲಾಂತು ಅಂದರೆ ಮೂವತ್ತು ಕಿಲೋಗಿಂತ ಜಾಸ್ತಿ. ಬೆಳ್ಳಿಯೇ ಮೂರು ಟನ್ ದಾಟಿತು. ಯೆಹೋಯಾಕೀಮ ಅದನ್ನು ಜನರ ಮೇಲೆ ಕಂದಾಯ ಹಾಕಿ, ಅವರವರ ಅಂದಾಜಿನ ಪ್ರಕಾರ ವಸೂಲಿ ಮಾಡಿದ. ಮೆಗಿದ್ದೋಗೆ ಹೋಗಬೇಕು ಅಂತ ನಿರ್ಧಾರ ಮಾಡಿದವನು ಒಬ್ಬ. ಮನೆಯ ಬೆಳ್ಳಿ ಬಿಚ್ಚಿಕೊಟ್ಟವರು ಊರವರೆಲ್ಲ.

ಯೋಷೀಯ ತಡೆಯಲು ಹೋದದ್ದರಿಂದ ಲಾಭ ಯಾರಿಗೆ? ಬಾಬೆಲಿಗೆ. ಅದೇ ಬಾಬೆಲ್ ಇಪ್ಪತ್ತಮೂರು ವರ್ಷಕ್ಕೆ, ಕ್ರಿ.ಪೂ. 586ರಲ್ಲಿ, ಯೋಷೀಯ ರಿಪೇರಿ ಮಾಡಿಸಿದ ದೇವಾಲಯವನ್ನು ಸುಟ್ಟುಹಾಕಿತು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ. ಜ್ಞಾನೋಕ್ತಿಯ ನಾಯಿಯೂ ದಾರಿಯಲ್ಲಿ ಹೋಗುತ್ತಿರುವ ನಾಯಿ. ಮೂಲದಲ್ಲಿ 'ಹಾದುಹೋಗುವ' ಅನ್ನುವ ಮಾತು ನಾಯಿಗೆ ಸೇರಿದ್ದಾ ಮನುಷ್ಯನಿಗಾ ಎಂದು ಹೇಳುವುದು ಕಷ್ಟ, ಹೀಗಾಗಿ ಕೆಲವು ಅನುವಾದಗಳಲ್ಲಿ ಮನುಷ್ಯ ದಾರಿಹೋಕನಾಗುತ್ತಾನೆ. ಗ್ರೀಕ್ ಅನುವಾದಕರು ಕಿವಿಯನ್ನು ಬಾಲ ಮಾಡಿಬಿಟ್ಟರು. ನನಗೆ ಕಿವಿಯೇ ಇಷ್ಟ. ಬೀದಿನಾಯಿಯ ಕಿವಿ ಹಿಡಿದವನ ಪಾಡು ನೋಡಿ, ಬಿಟ್ಟರೆ ಕಚ್ಚುತ್ತದೆ, ಹಿಡಿದೇ ಇದ್ದರೆ ಬೇರೆ ಏನೂ ಮಾಡುವ ಹಾಗಿಲ್ಲ, ನಾಯಿ ಮತ್ತು ಮನುಷ್ಯ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಬೀದಿಯ ಮಧ್ಯೆ ನಿಂತಿರಬೇಕು. ಇನ್ನೊಂದು ಸೂಕ್ಷ್ಮವಿದೆ. ಹೀಬ್ರೂ ಕ್ರಿಯಾಪದ ಹೇಳುವುದು ಬರೀ ತಲೆಹಾಕುವುದನ್ನಲ್ಲ, ಸಿಟ್ಟಾಗುವುದನ್ನು. ಬೇರೆಯವರ ಸಿಟ್ಟನ್ನು ಸಾಲ ತಂದು ನಾವು ಉರಿಯುವುದು. ಮೊಬೈಲ್ ನೋಡುತ್ತಾ ಗುರುತೇ ಇಲ್ಲದವರ ಜಗಳಕ್ಕೆ ಹಲ್ಲು ಕಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ.

ಹೊಸ ಒಡಂಬಡಿಕೆ ಈ ವಿಷಯದಲ್ಲಿ ಇನ್ನೂ ಖಾರ. ನಿಮ್ಮಲ್ಲಿ ಯಾರೂ ಕೊಲೆಗಾರನಾಗಿ, ಕಳ್ಳನಾಗಿ, ದುಷ್ಕರ್ಮಿಯಾಗಿ ಬಾಧೆ ಪಡಬಾರದು ಎಂದು ಬರೆಯುತ್ತಾ ಪೇತ್ರ ಅದೇ ಸಾಲಿನಲ್ಲಿ ಪರರ ಕಾರ್ಯದಲ್ಲಿ ತಲೆಹಾಕುವವನನ್ನೂ ಕೂರಿಸಿದ್ದಾನೆ. ಕೊಲೆಗಾರನ ಪಕ್ಕದ ಬೆಂಚು. ಅವನು ಬಳಸಿದ ಗ್ರೀಕ್ ಪದ ಅಲ್ಲೊತ್ರಿಎಪಿಸ್ಕೊಪೊಸ್, ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಬಿಡಿಸಿದರೆ ಅನ್ಯರದ್ದು ಮತ್ತು ಮೇಲ್ವಿಚಾರಕ. ಎಪಿಸ್ಕೊಪೊಸ್ ಅನ್ನುವುದರಿಂದಲೇ ನಮ್ಮ ಬಿಷಪ್ ಬಂದದ್ದು. ಅಂದರೆ ಪಕ್ಕದ ಮನೆಗೆ ತನ್ನನ್ನು ತಾನೇ ಬಿಷಪ್ ಮಾಡಿಕೊಂಡವನು! ಥೆಸಲೋನಿಕದವರಿಗೆ ಬರೆಯುವಾಗ ಪೌಲನೂ ಪದದ ಆಟ ಆಡುತ್ತಾನೆ, ಅವರಿಗೆ ಕೆಲಸವಿಲ್ಲ, ಕಾರುಬಾರು ಮಾತ್ರ ಜಾಸ್ತಿ ಅನ್ನುವ ಧಾಟಿ.

ಆದರೆ ಶಾಂತಿ ಮಾಡಿಸುವವರು ಧನ್ಯರು ಅನ್ನುವ ಮಾತೂ ಅದೇ ಪುಸ್ತಕದಲ್ಲಿದೆಯಲ್ಲ? ಇದೇ ವಚನವನ್ನು ಜೇಬಲ್ಲಿಟ್ಟುಕೊಂಡು ನಾನು ಆ ಭಾನುವಾರ ಹೋಗಿದ್ದು. ಇಲ್ಲಿ ನನಗೆ ಸಹಾಯವಾದದ್ದು ಲೂಕ 12. ಗುಂಪಿನಲ್ಲಿದ್ದ ಒಬ್ಬ ಯೇಸುವಿಗೆ ಹೇಳುತ್ತಾನೆ, ಆಸ್ತಿಯಲ್ಲಿ ನನಗೆ ಪಾಲು ಕೊಡು ಅಂತ ನನ್ನ ಅಣ್ಣನಿಗೆ ಹೇಳು. ಯೇಸು ಕೇಳುತ್ತಾನೆ, ಎಲಾ ಮನುಷ್ಯನೇ, ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ, ಪಾಲು ಹಂಚುವವನಾಗಿ ನೇಮಿಸಿದವರು ಯಾರು? ಗಮನಿಸಿ, ಇಲ್ಲಿ ಕರೆ ಬಂದಿತ್ತು. ಆದರೂ ಒಲ್ಲೆ ಅಂದ. ಯಾಕೆ ಅಂದರೆ ಕರೆದವನು ಒಬ್ಬನೇ, ಅದೂ ತೀರ್ಪನ್ನು ತಾನೇ ಬರೆದುಕೊಂಡು ಬಂದಿದ್ದ. ಬೇಕಿದ್ದದ್ದು ಸಹಿ ಮಾತ್ರ. ನಮ್ಮ ಹತ್ತಿರ "ನೀವೇ ಒಂದು ಮಾತು ಹೇಳಿ" ಅಂತ ಬರುವವರಲ್ಲಿ ಮುಕ್ಕಾಲು ಪಾಲು ಈ ಜಾತಿಯವರೇ.

ಪೌಲ ಮಾತ್ರ ನಡುವೆ ಹೋಗಿದ್ದಾನೆ, ಎರಡು ಸಲವಾದರೂ. ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಮನಸ್ತಾಪ. ಇವಳನ್ನೂ ಬೇಡಿಕೊಳ್ಳುತ್ತೇನೆ, ಅವಳನ್ನೂ ಬೇಡಿಕೊಳ್ಳುತ್ತೇನೆ ಎಂದು ಒಂದೇ ಕ್ರಿಯಾಪದವನ್ನು ಎರಡು ಸಲ ಬಳಸಿ, ಇಬ್ಬರಿಗೂ ಸಮಪಾಲು ಕೊಟ್ಟು ಬರೆಯುತ್ತಾನೆ. ಜಗಳ ಏನು, ತಪ್ಪು ಯಾರದ್ದು, ಒಂದಕ್ಷರ ಇಲ್ಲ. ಇವತ್ತಿಗೂ ನಮಗೆ ಗೊತ್ತಾಗಿಲ್ಲ. ಅವನು ಆ ಸಭೆಯನ್ನು ಕಟ್ಟಿದವನು, ಆ ಇಬ್ಬರೂ ಅವನ ಜೊತೆ ದುಡಿದವರು. ಇನ್ನೊಂದು ಸಲ, ಒನೇಸಿಮ ಎಂಬ ದಾಸನಿಗಾಗಿ ಯಜಮಾನ ಫಿಲೆಮೋನನಿಗೆ ಬರೆದ ಪತ್ರ. ಅವನು ನಿನಗೆ ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ, ಇದನ್ನು ನನ್ನ ಕೈಯಾರೆ ಬರೆದಿದ್ದೇನೆ. ಬಾವಿಯ ಜಗಳದಲ್ಲಿ ನಾನು ಎಲೆಕ್ಟ್ರಿಷಿಯನ್ನಿನ ಖರ್ಚು ಕೊಡುತ್ತೇನೆ ಅಂತ ಹೇಳಿದ್ದೆನಾ? ಇಲ್ಲ. ನನಗೆ ಅದು ಹೊಳೆಯಲೂ ಇಲ್ಲ.

ಒಂದು ಮಾತನ್ನು ಇಲ್ಲಿ ಒರಟಾಗಿಯೇ ಹೇಳಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆಯನ್ನೂ ಈ ನಾಯಿಯ ವಚನವನ್ನೂ ಜೋಡಿಸಿ, ಪಕ್ಕದ ಮನೆಯಲ್ಲಿ ಹೆಂಗಸು ಹೊಡೆತ ತಿನ್ನುವಾಗ ಟಿವಿ ಸೌಂಡ್ ಜಾಸ್ತಿ ಮಾಡುವ ಜನರನ್ನು ನಾನು ನೋಡಿದ್ದೇನೆ. ಅದು ಜಗಳವಲ್ಲ, ಒಬ್ಬರು ಹೊಡೆಯುತ್ತಿದ್ದಾರೆ ಇನ್ನೊಬ್ಬರು ಹೊಡೆಸಿಕೊಳ್ಳುತ್ತಿದ್ದಾರೆ. ಮರಣಕ್ಕೆ ಎಳೆಯಲ್ಪಟ್ಟವರನ್ನು ಬಿಡಿಸು, ನನಗೆ ಗೊತ್ತಿರಲಿಲ್ಲ ಅಂತ ಜಾರಿಕೊಳ್ಳಬೇಡ ಎಂದು ಅದೇ ಜ್ಞಾನೋಕ್ತಿಗಳ 24ನೇ ಅಧ್ಯಾಯ ಹೇಳುತ್ತದೆ. ಯೇಸು ಹೇಳಿದ ಕಥೆಯಲ್ಲಿ ಯೆರಿಕೋದ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನಿಗೆ ಯಾರೂ ಉಸಾಬರಿ ಮಾಡಿದೆ ಅಂತ ಹೇಳಲಿಲ್ಲ. ಬಾಗಿಲು ಬಡಿಯಿರಿ, ಪೊಲೀಸರಿಗೆ ಫೋನ್ ಮಾಡಿ.

ಮತ್ತೆ ಮೆಗಿದ್ದೋಗೆ. ಹುಲ್ದಾ ಆ ಐದು ಜನರ ಕೈಲಿ ಕಳಿಸಿದ ಮಾತಿನಲ್ಲಿ, ನೀನು ಸಮಾಧಾನದಿಂದ ಸಮಾಧಿ ಸೇರುವೆ ಎಂದಿತ್ತು. ಆದರೆ ಅವನು ಸೇರಿದ್ದು ಬಾಣ ತಿಂದು. ಇದನ್ನು ಹೇಗೆ ಹೊಂದಿಸುವುದು ಅಂತ ವ್ಯಾಖ್ಯಾನಕಾರರು ಇವತ್ತಿಗೂ ಗುದ್ದಾಡುತ್ತಾರೆ. ಕೆಲವರು ಹೇಳುತ್ತಾರೆ, ಯೆರೂಸಲೇಮಿನ ನಾಶ ನೋಡುವ ಮೊದಲು ಹೋದನಲ್ಲ, ಅದೇ ಸಮಾಧಾನ. ನನಗೆ ಅದು ಸ್ವಲ್ಪ ಎಳೆದು ಕೂಡಿಸಿದ ಹಾಗೆ ಕಾಣುತ್ತದೆ. ಆ ಮಾತು ಬಂದದ್ದು ಅವನು ಕೇಳಲು ಆಳು ಕಳಿಸಿದ ದಿನ, ಕೇಳದೆ ರಥ ಹೂಡಿದ ದಿನಕ್ಕೆ ಅದು ಅನ್ವಯಿಸಬೇಕಾ ಅಂತ ನನ್ನ ಪ್ರಶ್ನೆ.

ಯೆರೆಮೀಯ ಅವನಿಗಾಗಿ ಶೋಕಗೀತೆ ಕಟ್ಟಿದ. ಹಾಡುವ ಗಂಡಸರು ಹೆಂಗಸರು ಬಹಳ ಕಾಲ ಯೋಷೀಯನ ಹೆಸರೆತ್ತಿ ಗೋಳಾಡುತ್ತಿದ್ದರು.

ಮತ್ತೆ ನೆಕೋ? ಅವನು ಹೋದ, ಅವನ ಸೈನ್ಯ ನದಿ ದಾಟಿತು. ಗ್ಯಾಡ್ ಓದಿದ ಆ ಫಲಕದಲ್ಲಿ ಆ ವರ್ಷದ ಸಾಲುಗಳಿವೆ. ತಮ್ಮೂಜ್ ತಿಂಗಳಲ್ಲಿ ಐಗುಪ್ತದ ದೊಡ್ಡ ಸೈನ್ಯ ಅಶ್ಶೂರದ ಅರಸನ ಜೊತೆ ಹಾರಾನಿಗೆ ಬಂತು, ಎಲೂಲ್ ತಿಂಗಳವರೆಗೆ ಊರಿನ ಮೇಲೆ ಹೋರಾಡಿದರು, ಏನೂ ದಕ್ಕಲಿಲ್ಲ. ನಾಲ್ಕು ವರ್ಷದ ನಂತರ, 605ರಲ್ಲಿ, ಕರ್ಕೆಮೀಷಿನಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಐಗುಪ್ತದವರನ್ನು ಪೂರ್ತಿ ಮುರಿದ. ಜಗಳ ಅದರ ಪಾಡಿಗೆ ಅದು ಮುಗಿಯಿತು. ಆ ಫಲಕ ಅಂಗೈಗಿಂತ ಸ್ವಲ್ಪ ದೊಡ್ಡದಿರಬಹುದು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಜಗಳದ ನಿಜವಾದ ಪಕ್ಷಗಾರರ ಲೆಕ್ಕದ ಪುಸ್ತಕ ಅದು. ಅದರಲ್ಲಿ ಮೆಗಿದ್ದೋದ ಹೆಸರಿಲ್ಲ, ಯೆಹೂದದ ಹೆಸರಿಲ್ಲ, ಯೋಷೀಯ ಅಡ್ಡ ಬಂದಿದ್ದ ಅಂತಲೂ ಒಂದು ಸಾಲಿಲ್ಲ.